ಹಳೇ ಗಿಟಾರೂ ನಮ್ಮ ಬೀಟೆ ಮರವೂ

ಹಳೇ ಸಾಮಾನು ಅಂದರೆ ನಮ್ಮ ಕಡೆ ಅದಕ್ಕೆ ಎರಡೇ ದಾರಿ. ಒಂದು ಅಟ್ಟ, ಇನ್ನೊಂದು ಗುಜರಿಯವನ ತಳ್ಳುಗಾಡಿ. ಅಟ್ಟದ ಮೇಲೆ ಹೋದದ್ದು ಗೆದ್ದಲಿಗೆ, ತಳ್ಳುಗಾಡಿಗೆ ಹೋದದ್ದು ತಕ್ಕಡಿಗೆ. ಆದರೆ ಹಳೇದಾದಷ್ಟೂ ಬೆಲೆ ಏರುವ ಸಾಮಾನುಗಳೂ ಲೋಕದಲ್ಲಿ ಇದ್ದಾವೆ. ನಾಣ್ಯ, ಅಂಚೆಚೀಟಿ, ಮೋಟಾರು ಕಾರುಗಳ ವಿಷಯ ಎಲ್ಲರಿಗೂ ಗೊತ್ತು. ಎಲೆಕ್ಟ್ರಿಕ್ ಗಿಟಾರ್ ಕೂಡ ಈ ಸಾಲಿಗೆ ಸೇರಿದ್ದು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಇದು ಅಮೆರಿಕದವರ ಶೋಕಿ, ಆನೆಮಲೆಯ ಕೆಳಗಿರುವ ನಮಗೆ ಇದರಿಂದ ಏನಾಗಬೇಕು ಅಂತ ಕೇಳಬಹುದು. ಸಂಬಂಧ ಇದೆ. ಆ ವಾದ್ಯದ ಮೇಲೆ ಬೆರಳಾಡುವ ಕಪ್ಪು ಪಟ್ಟಿ ಅನೇಕ ಗಿಟಾರುಗಳಲ್ಲಿ ನಮ್ಮ ಬೀಟೆ ಮರದ್ದು. ಇಲ್ಲಿನ ತಮಿಳಿನಲ್ಲಿ ಈಟ್ಟಿ, ತೋದಗತ್ತಿ ಅನ್ನೋದು ಅದನ್ನೇ. ಆದ್ದರಿಂದ ಈ ಗಿಟಾರಿನ ವ್ಯಾಪಾರದ ಕಥೆ ಹೇಳಿದರೆ ನಮ್ಮ ಕಾಡಿನ ಕಥೆಯನ್ನೂ ಒಂದಿಷ್ಟು ಹೇಳಿದಂತಾಗುತ್ತದೆ.

ಮೊದಲು ವಾದ್ಯ ಏನು ಅಂತ ನೋಡೋಣ. ಸಾಮಾನ್ಯ ಗಿಟಾರಿಗೆ ವೀಣೆಯ ಹಾಗೆ ಟೊಳ್ಳು ಹೊಟ್ಟೆ ಇರುತ್ತದೆ, ನಾದ ಅಲ್ಲಿಂದ ಬರುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಬಹುಪಾಲು ಗಟ್ಟಿ ಹಲಗೆಯೇ ಮೈ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಅಂತ ಹೆಸರು. ಮೇಲಿನ ಉಕ್ಕಿನ ತಂತಿ ಅದುರಿದರೆ ಕೆಳಗಿನ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಕೊಯಮತ್ತೂರಿನ ಪಂಪುಸೆಟ್ಟಿನ ಊರುಗಳಲ್ಲಿ ಮೋಟಾರು ಕಾಯಿಲ್ ಸುತ್ತುವವರನ್ನು ನೋಡಿದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಟಾರಿನಲ್ಲಿ ವಿದ್ಯುತ್ ಕೊಟ್ಟರೆ ತಿರುಗುತ್ತದೆ, ಇಲ್ಲಿ ತಂತಿ ಅದುರಿದರೆ ವಿದ್ಯುತ್ ಬರುತ್ತದೆ. ಅಷ್ಟೇ ವ್ಯತ್ಯಾಸ.

1930ರ ದಶಕದ ಆರಂಭದಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಶಾಂಪ್, ಅಡಾಲ್ಫ್ ರಿಕನ್‌ಬ್ಯಾಕರ್ ಸೇರಿ ಮಾಡಿದ ಗಿಟಾರು, ಮಾರಾಟದಲ್ಲಿ ನಿಂತ ಮೊದಲ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಒಂದು. ಅದರ ರೂಪ ನೋಡಿ ಜನ ಬಾಣಲೆ ಅಂತ ಅಡ್ಡಹೆಸರಿಟ್ಟರು. ಲಿಯೋ ಫೆಂಡರ್ ಎಂಬಾತ 1950ರ ಹೊತ್ತಿಗೆ ಗಟ್ಟಿ ಮೈಯ ಗಿಟಾರನ್ನು ಕಾರ್ಖಾನೆಯಲ್ಲಿ ಮಾಡಿ ಮಾರತೊಡಗಿದ. ಅದೇ ಟೆಲಿಕ್ಯಾಸ್ಟರ್. 1952ರಲ್ಲಿ ಗಿಬ್ಸನ್ ಕಂಪನಿ ಲೆಸ್ ಪಾಲ್ ಎಂಬ ಮಾದರಿ ತಂದಿತು. 1954ರಲ್ಲಿ ಫೆಂಡರಿನ ಸ್ಟ್ರಾಟೋಕ್ಯಾಸ್ಟರ್ ಬಂತು. ಆಗ ಇವುಗಳ ಬೆಲೆ ಸುಮಾರು 190ರಿಂದ 250 ಡಾಲರಿನವರೆಗೆ.

ಇವು ಹೊಸದಾಗಿದ್ದಾಗ ಎಲ್ಲವೂ ಚೆನ್ನಾಗಿ ಮಾರಾಟವಾದವು ಅಂತಲ್ಲ. ಗಿಬ್ಸನ್ 1958ರಿಂದ 1960ರವರೆಗೆ ಲೆಸ್ ಪಾಲ್ ಮಾದರಿಗೆ ಸೂರ್ಯಾಸ್ತದ ಬಣ್ಣ ಹಚ್ಚಿ ಮಾರಿತು. ಮಾರಾಟ ಸಾಲದೆ ಅದನ್ನು ನಿಲ್ಲಿಸಿತು. ಒಟ್ಟು ಮಾಡಿದ್ದು ಸುಮಾರು ಒಂದೂವರೆ ಸಾವಿರ. ಕೆಲವೇ ವರ್ಷದಲ್ಲಿ ಎರಿಕ್ ಕ್ಲಾಪ್ಟನ್, ಮೈಕ್ ಬ್ಲೂಮ್‌ಫೀಲ್ಡ್ ಮುಂತಾದ ವಾದಕರು ಆ ಬಿಟ್ಟುಹೋದ ಗಿಟಾರುಗಳನ್ನೇ ಹುಡುಕಿ ನುಡಿಸಿದರು. ಅದನ್ನು ಕೇಳಿದ ಹುಡುಗರು ತಮಗೂ ಅದೇ ಬೇಕು ಅಂದರು. ಕಂಪನಿ ಮಾಡುತ್ತಿಲ್ಲ, ಇರೋದು ಸಾವಿರದ ಚಿಲ್ಲರೆ. ಇವತ್ತು ಅಂಥ ಒಂದು ಗಿಟಾರಿಗೆ ಲಕ್ಷಗಟ್ಟಲೆ ಡಾಲರ್ ಎಣಿಸಬೇಕು.

ಫೆಂಡರಿನ ಕಥೆ ಇನ್ನೊಂದು ಥರ. 1965ರ ಜನವರಿಯಲ್ಲಿ ಸಿಬಿಎಸ್ ಎಂಬ ದೊಡ್ಡ ಪ್ರಸಾರ ಕಂಪನಿ 130 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡಿತು. ಆಮೇಲೆ ಕೆಲಸದ ಅಚ್ಚುಕಟ್ಟು ಕೆಟ್ಟಿತು ಅಂತ ವಾದಕರು ಮಾತಾಡಿಕೊಂಡರು. ಅಲ್ಲಿಂದ ವ್ಯಾಪಾರದಲ್ಲಿ ಸಿಬಿಎಸ್‌ಗಿಂತ ಮುಂಚಿನದು, ಆಮೇಲಿನದು ಅಂತ ಎರಡು ಜಾತಿ ಆಯಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಹಳೇ ಗಿಟಾರುಗಳಿಗೇ ಅಂಗಡಿಗಳು ಹುಟ್ಟಿಕೊಂಡವು. ನ್ಯಾಶ್‌ವಿಲ್ ಊರಿನ ಜಾರ್ಜ್ ಗ್ರೂನ್ ಅವರ ಅಂಗಡಿ ಅವುಗಳಲ್ಲಿ ಹೆಸರಾದದ್ದು. ಈಗ ಹರಾಜು ಮನೆಗಳೂ ಬಂದಿವೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ತಮ್ಮ ಕಪ್ಪು ಸ್ಟ್ರಾಟೋಕ್ಯಾಸ್ಟರನ್ನು 2019ರಲ್ಲಿ ಕ್ರಿಸ್ಟೀಸ್ ಹರಾಜಿಗೆ ಇಟ್ಟಾಗ ಅದು 39,75,000 ಡಾಲರಿಗೆ ಹೋಯಿತು. ಆ ಹರಾಜಿನ ಹಣವನ್ನು ಅವರು ಪರಿಸರದ ಕೆಲಸ ಮಾಡುವ ಸಂಸ್ಥೆಗೆ ಕೊಟ್ಟರು.

ಇಷ್ಟು ಹಣ ಕೊಡುವವನು ಕಣ್ಣು ಮುಚ್ಚಿ ಕೊಡೋದಿಲ್ಲ. ದನದ ಜಾತ್ರೆಯಲ್ಲಿ ಹಲ್ಲು ಹಿಡಿದು, ಸುಳಿ ನೋಡಿ ಕೊಳ್ಳುತ್ತಾರಲ್ಲ, ಹಾಗೇ ಇಲ್ಲಿಯೂ. ಕ್ರಮಸಂಖ್ಯೆ ನೋಡುತ್ತಾರೆ. ಹಿಂದಿನ ಮುಚ್ಚಳ ತೆಗೆದು ಬೆಸುಗೆ ಹಳೇದೋ ಹೊಸದೋ ನೋಡುತ್ತಾರೆ. ಸದ್ದು ಹೆಚ್ಚು ಕಮ್ಮಿ ಮಾಡುವ ತಿರುಪಿನ ಬೆನ್ನ ಮೇಲೆ ಅಂಕಿಗಳಿರುತ್ತವೆ. ಮೊದಲಿನವು ಅದನ್ನು ಮಾಡಿದ ಕಂಪನಿಯ ಗುರುತು, ಆಮೇಲಿನವು ವರ್ಷ ಮತ್ತು ವಾರ. 1959ರ ಗಿಟಾರು ಅಂತ ಹೇಳಿ ಒಳಗೆ 1966ರ ತಿರುಪು ಇದ್ದರೆ ಯಾರೋ ಬಿಚ್ಚಿದ್ದಾರೆ ಅಂತಾಯಿತು. ನೇರಳಾತೀತ ದೀಪ ಹಿಡಿದರೆ ಹಳೇ ಮೆರುಗೆಣ್ಣೆ ಒಂದು ಥರ, ಹೊಸ ಬಣ್ಣ ಇನ್ನೊಂದು ಥರ ಹೊಳೆಯುತ್ತದೆ. ಚೆಂದ ಕಾಣಲಿ ಅಂತ ಮತ್ತೆ ಬಣ್ಣ ಹೊಡೆಸಿದ್ದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು ಅಂತಲೇ ಲೆಕ್ಕ. ಯಾರು ಕೊಂಡರು, ಯಾವ ಅಂಗಡಿ, ರಸೀತಿ ಇದೆಯೋ ಎಂಬುದೂ ಮುಖ್ಯ.

ಇಷ್ಟೆಲ್ಲ ನೋಡುವವರು ಮರವನ್ನೂ ನೋಡುತ್ತಾರೆ. ಗಿಟಾರಿನ ಕತ್ತಿನ ಮೇಲಿರುವ ಬೆರಳುಪಟ್ಟಿ ಸುಮಾರು ಒಂದೂವರೆ ಅಡಿ ಉದ್ದ, ಎರಡಂಗುಲ ಅಗಲ, ಕಾಲಂಗುಲ ದಪ್ಪ. ತಂತಿಯನ್ನು ದಿನವೂ ಒತ್ತಿ ಒತ್ತಿ ಸವೆಯದಿರಬೇಕಾದರೆ ಅದಕ್ಕೆ ಗಟ್ಟಿಯಾದ, ಎಣ್ಣೆ ಅಂಶ ಇರುವ ಮರ ಬೇಕು. ಮೊದಲು ಇದಕ್ಕೆ ಬ್ರೆಜಿಲ್ ದೇಶದ ರೋಸ್‌ವುಡ್ ಹೋಗುತ್ತಿತ್ತು. ಫೆಂಡರ್ 1959ರ ಹೊತ್ತಿಗೆ ತನ್ನ ಬಹುಪಾಲು ಗಿಟಾರಿಗೆ ಅದನ್ನೇ ಹಾಕುತ್ತಿತ್ತು. ಆದರೆ ಬ್ರೆಜಿಲಿನ ಕಾಡು ಬರಿದಾಗುತ್ತಾ ಬಂತು. 1960ರ ದಶಕದ ಕೊನೆಗೆ ಆ ದೇಶ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು. ಆ ದಶಕದ ನಡುವಿನಿಂದಲೇ ಒಬ್ಬೊಬ್ಬರಾಗಿ ಗಿಟಾರು ಮಾಡುವವರು ಭಾರತದ ಕಡೆ ತಿರುಗಿದರು. ಮಾರ್ಟಿನ್ ಎಂಬ ಹಳೇ ಕಂಪನಿ 1969ರಲ್ಲಿ ಭಾರತದ ಮರಕ್ಕೆ ಬದಲಾಯಿಸಿತು.

ಭಾರತದ ಮರ ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ. ಕೊಡಗು, ಮಲೆನಾಡು, ವಯನಾಡು, ನೀಲಗಿರಿ, ಆನೆಮಲೆ, ಈ ಸಾಲಿನಲ್ಲೆಲ್ಲ ಬೆಳೆಯುತ್ತದೆ. ನಿಧಾನದ ಮರ. ಅಜ್ಜ ನೆಟ್ಟರೆ ಮೊಮ್ಮಗನ ಕಾಲಕ್ಕೆ ಚೇಗು ಕಟ್ಟೀತು. ಕೊಯ್ದಾಗ ನಸುಗೆಂಪು ಬೆರೆತ ನೇರಳೆ ಕಪ್ಪು, ಸಣ್ಣ ಪರಿಮಳ. ಮೈಸೂರಿನ ಕುಸುರಿ ಕೆತ್ತನೆಯ ಪೆಟ್ಟಿಗೆ, ಮೇಜುಗಳೆಲ್ಲ ಇದರಲ್ಲೇ ಮಾಡಿದ್ದು. ಹಳೇ ಮೈಸೂರು ಸೀಮೆಯಲ್ಲಿ ಗಂಧ, ತೇಗ, ಬೀಟೆ ಯಾರ ಹೊಲದಲ್ಲಿ ಎದ್ದರೂ ಅದು ಸರ್ಕಾರದ ಮರ ಎಂಬ ಕಟ್ಟಳೆ ಇತ್ತು. ನಮ್ಮ ಆನೆಮಲೆಯಲ್ಲಿ ಬ್ರಿಟಿಷರು ಮುಖ್ಯವಾಗಿ ತೇಗ ಕಡಿದರು. ಹಡಗಿಗೆ, ರೈಲಿನ ಹಳಿಯ ಕೆಳಗಿನ ಮರಕ್ಕೆ ಅದು ಬೇಕಿತ್ತು. ಮೇಲಿನಿಂದ ದಿಮ್ಮಿ ಜಾರಿಸಿ ಬಿಡುತ್ತಿದ್ದ ಜಾಗಕ್ಕೆ ಟಾಪ್ ಸ್ಲಿಪ್ ಅಂತಲೇ ಹೆಸರಾಯಿತು. 1882ರ ಮದರಾಸು ಅರಣ್ಯ ಕಾನೂನು ಬಂದ ಮೇಲೆ ಕಾಡಿಗೆ ಗಡಿಕಲ್ಲು ಬಿದ್ದು, ಸೌದೆಗೆ, ಮೇವಿಗೆ ಹೋಗುವವನೂ ಅಪ್ಪಣೆ ಕೇಳಬೇಕಾಯಿತು.

ಮರದ ಹೆಸರಿನಿಂದಲೇ ಪ್ರಸಿದ್ಧವಾದ ಗಿಟಾರೂ ಒಂದಿದೆ. ಫೆಂಡರ್ ಕಂಪನಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ಗೆಂದು ಮೈ, ಕತ್ತು ಎಲ್ಲ ರೋಸ್‌ವುಡ್ಡಿನಲ್ಲೇ ಮಾಡಿದ ಟೆಲಿಕ್ಯಾಸ್ಟರ್ ಕೊಟ್ಟಿತು. 1969ರ ಜನವರಿ 30ರಂದು ಲಂಡನ್ನಿನಲ್ಲಿ ತಮ್ಮ ಕಚೇರಿಯ ಮಾಳಿಗೆ ಮೇಲೆ ನಿಂತು ಬೀಟಲ್ಸ್ ಹಾಡಿದಾಗ ಅವರ ಕೈಯಲ್ಲಿದ್ದದ್ದು ಅದೇ. ಆ ವರ್ಷವೇ ಅದನ್ನು ಒಬ್ಬ ಗೆಳೆಯನಿಗೆ ಕೊಟ್ಟುಬಿಟ್ಟರು. 2003ರಲ್ಲಿ ಹರಾಜಿಗೆ ಬಂದಾಗ 4 ಲಕ್ಷ ಡಾಲರಿಗೂ ಮೇಲೆ ಕೊಟ್ಟು, ಆಗ ತೀರಿಕೊಂಡಿದ್ದ ಹ್ಯಾರಿಸನ್ ಅವರ ಮನೆಯವರಿಗೇ ಅದನ್ನು ಮರಳಿ ಕೊಂಡರು.

ಈಗ ಹಳೇ ಗಿಟಾರಿನ ಅಂಗಡಿಯಲ್ಲಿ ಬ್ರೆಜಿಲ್ ಮರದ ಪಟ್ಟಿ ಇದ್ದರೆ ಒಂದು ಬೆಲೆ, ಭಾರತದ್ದಿದ್ದರೆ ಅದಕ್ಕಿಂತ ಕಮ್ಮಿ. ಮಾರುವವರು ನಾದದ ವ್ಯತ್ಯಾಸ ಹೇಳುತ್ತಾರೆ. ಆದರೆ ವಿದ್ಯುತ್ತಿನಿಂದ ನುಡಿಯುವ ವಾದ್ಯದಲ್ಲಿ ಕಾಲಂಗುಲದ ಪಟ್ಟಿಯಿಂದ ಎಷ್ಟು ವ್ಯತ್ಯಾಸ ಬಂದೀತು? ಆ ಮರ ಇನ್ನು ಸಿಗದು ಅನ್ನೋದೇ ಆ ಬೆಲೆಯ ದೊಡ್ಡ ಪಾಲು. 1992ರಲ್ಲಿ ಬ್ರೆಜಿಲ್ ರೋಸ್‌ವುಡ್ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿತು. ಅಂಥ ಹಳೇ ಗಿಟಾರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಮಾರಬೇಕಾದರೆ ಮರ ಅದಕ್ಕಿಂತ ಮುಂಚಿನದು ಅಂತ ಕಾಗದ ತೋರಿಸಬೇಕು. 2017ರ ಜನವರಿ 2ರಿಂದ ನಮ್ಮ ಬೀಟೆಯೂ ಸೇರಿ ಅದರ ಕುಲದ ಮರಗಳೆಲ್ಲ ಒಂದು ಮೆಟ್ಟಿಲು ಕೆಳಗಿನ ಪಟ್ಟಿಗೆ ಬಂದವು. ವಾದಕರು, ವ್ಯಾಪಾರಿಗಳು, ನಮ್ಮ ಕರಕುಶಲದವರು ಎಲ್ಲರೂ ಕಾಗದಪತ್ರಕ್ಕೆ ಅಲೆದರು. 2019ರಲ್ಲಿ ನಿಯಮ ಸಡಿಲಿಸಿ, ಈ ಎರಡನೇ ಪಟ್ಟಿಯ ಮರದಿಂದ ಮಾಡಿ ಮುಗಿಸಿದ ವಾದ್ಯಗಳನ್ನು ಬಿಟ್ಟರು. ಬ್ರೆಜಿಲ್ ಮರಕ್ಕೆ ಆ ವಿನಾಯಿತಿ ಇಲ್ಲ.

ಭಾರತದ ಮರದ ಹೆಸರು ಅಮೆರಿಕದಲ್ಲಿ ದೊಡ್ಡ ಸುದ್ದಿಯಾದದ್ದು 2011ರ ಆಗಸ್ಟಿನಲ್ಲಿ. ಗಿಬ್ಸನ್ ಕಾರ್ಖಾನೆಗೆ ಅಲ್ಲಿನ ಸರ್ಕಾರದ ಅಧಿಕಾರಿಗಳು ಹೋಗಿ, ಭಾರತದಿಂದ ಬಂದಿದ್ದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಬೇರೆ ದೇಶದ ಕಾನೂನು ಮುರಿದು ತಂದ ಮರವನ್ನು ಕೊಳ್ಳಬಾರದು ಅಂತ 2008ರಲ್ಲಿ ಅವರ ಲೇಸಿ ಕಾಯಿದೆಗೆ ತಿದ್ದುಪಡಿ ಆಗಿತ್ತು. ಭಾರತ ದಿಮ್ಮಿಯನ್ನೂ ಅರೆಬರೆ ಸೀಳಿದ ದಪ್ಪ ಹಲಗೆಯನ್ನೂ ಹೊರಗೆ ಬಿಡೋದಿಲ್ಲ, ಕೆಲಸ ಮುಗಿಸಿದ ಸಾಮಾನನ್ನು ಬಿಡುತ್ತದೆ. ಬೆರಳುಪಟ್ಟಿಗೆಂದು ಕೊಯ್ದ ತುಂಡು ಅರೆಬರೆಯೋ, ಮುಗಿದದ್ದೋ ಎಂಬುದೇ ತಕರಾರು. ಅದಕ್ಕೂ ಮುಂಚೆ 2009ರಲ್ಲಿ ಮಡಗಾಸ್ಕರಿನ ಕರಿಮರದ ವಿಷಯಕ್ಕೂ ಅಲ್ಲಿ ಶೋಧ ನಡೆದಿತ್ತು. 2012ರ ಆಗಸ್ಟಿನಲ್ಲಿ ರಾಜಿಯಾಗಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿತು. ಭಾರತದ ಕಾನೂನು ಈ ತುಂಡುಗಳ ವಿಷಯದಲ್ಲಿ ಸ್ಪಷ್ಟವಿಲ್ಲವೆಂದು ಭಾರತದ ಮರವನ್ನು ಮರಳಿಸಿದರು.

ಈ ಜಗಳದಲ್ಲಿ ನಮಗೆ ಪಾಠ ಇದೆ. ಮರ ನಮ್ಮದು ಅಂದಮೇಲೆ ಅದನ್ನು ಸೀಳುವ, ಹೆರೆಯುವ ಕೂಲಿಯೂ ನಮ್ಮ ಕೈಗೆ ಬರಲಿ ಅನ್ನೋದು ರಫ್ತಿನ ಆ ನಿಯಮದ ಹಿಂದಿರುವ ಒಂದು ವಿಚಾರ. ಆದರೂ ಲಕ್ಷ ಡಾಲರಿನ ಲೆಕ್ಕದಲ್ಲಿ ನಮ್ಮ ಕಡೆ ಉಳಿದದ್ದು ಸ್ವಲ್ಪವೇ. ಗಿಟಾರಿನ ತಿರುಪು ಯಾವ ವಾರದ್ದು ಅಂತ ಅವರು ಬರೆದಿಟ್ಟಿದ್ದಾರೆ. ಮರಕ್ಕೆ ಮಾತ್ರ ಈಸ್ಟ್ ಇಂಡಿಯನ್ ರೋಸ್‌ವುಡ್ ಅಂತ ಒಂದೇ ಹೆಸರು. ಯಾವ ಬೆಟ್ಟ, ಯಾವ ವರ್ಷ, ಕಡಿದವರು ಯಾರು, ಎಳೆದ ಆನೆ ಯಾವುದು, ಇದು ಯಾವ ಗಿಟಾರಿನ ಕಾಗದದಲ್ಲೂ ಇರೋದಿಲ್ಲ. ಚರಿತ್ರೆ ಗೊತ್ತಿರುವ ಸಾಮಾನಿಗೆ ಬೆಲೆ ಕಟ್ಟುವ ವ್ಯಾಪಾರ ಇದು. ಆ ಚರಿತ್ರೆ ಮರದ ಬುಡದವರೆಗೆ ಹೋಗದೆ ಕಾರ್ಖಾನೆಯ ಬಾಗಿಲಲ್ಲೇ ನಿಂತಿದೆ.

ನಮ್ಮ ಊರುಗಳಲ್ಲೂ ಇದೇ ನಡೆಯುತ್ತಿದೆ. ಹಳೇ ತೊಟ್ಟಿ ಮನೆ ಕೆಡವುವಾಗ ಬಾಗಿಲು, ಕಂಬ, ಮಂಚ, ತೊಟ್ಟಿಲು ಕೊಳ್ಳಲು ಪೇಟೆಯಿಂದ ವ್ಯಾಪಾರಿ ಬರುತ್ತಾನೆ. ಅವನಿಗೆ ಮರ ಗೊತ್ತು, ಮಾರುವವನಿಗೆ ಗೊತ್ತಿಲ್ಲ. ಬೀಟೆಯ ಮಂಚ ಸೌದೆಯ ಲೆಕ್ಕದಲ್ಲಿ ಹೋಗಿ, ಪೇಟೆಯಲ್ಲಿ ಪುರಾತನ ವಸ್ತು ಅಂತ ಕೂತುಕೊಳ್ಳುತ್ತದೆ. ನಿಂತ ಮರದ ಕಥೆಯೂ ಸರಳವಲ್ಲ. 1990ರ ದಶಕದ ನಡುವಿನಲ್ಲಿ ತಮಿಳುನಾಡು ಸರ್ಕಾರ ಬೀಟೆಯ ರಕ್ಷಣೆಗೆಂದೇ ಕಾನೂನು ತಂದು, ಪಟ್ಟಾ ಭೂಮಿಯ ಮರವನ್ನೂ ಅಪ್ಪಣೆ ಇಲ್ಲದೆ ಕಡಿಯಬಾರದು ಅಂದಿತು. ಕಾಡು ಉಳಿಯಲು ಅದು ಬೇಕಿತ್ತು. ಆದರೆ ಬೆಳೆಸಿದ ರೈತನಿಗೆ ಮರ ಬರೀ ಹೊರೆ ಅನ್ನಿಸಿದರೆ ಸಸಿಯಲ್ಲೇ ಕಿತ್ತು ಹಾಕುತ್ತಾನೆ. ಕಾಯುವುದಕ್ಕೂ ಅವನಿಗೆ ಏನಾದರೂ ದಕ್ಕಬೇಕು.

ಮೇಷ್ಟ್ರುಗಳಿಗೆ ಒಂದು ಮಾತು. ಕೊಯಮತ್ತೂರಿನಲ್ಲಿ 1902ರಲ್ಲಿ ಶುರುವಾದ ಗಾಸ್ ಅರಣ್ಯ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಮರಗಳ ಮಾದರಿ ತುಂಡುಗಳನ್ನು ಇಟ್ಟಿದ್ದಾರೆ. ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸಿದರೆ ಯಾವ ಮರ ಯಾವುದು ಅಂತ ಕಣ್ಣಿಗೆ ಬೀಳುತ್ತದೆ. ಆಮೇಲೆ ಪ್ರತಿ ಮಗುವೂ ತನ್ನ ಮನೆಯ ಹಳೇ ಮರದ ಸಾಮಾನು ಒಂದನ್ನು ಆರಿಸಿ, ಅದು ಯಾವ ಮರ, ಯಾರು ಮಾಡಿದ್ದು, ಯಾರ ಮದುವೆಗೆ ಬಂದದ್ದು ಅಂತ ಅಜ್ಜಿಯನ್ನು ಕೇಳಿ ಬರೆಯಲಿ. ಬರೆದದ್ದನ್ನು ವಾಚನಾಲಯದಲ್ಲಿ ಒಂದು ದಪ್ಪ ನೋಟುಬುಕ್ಕಿನಲ್ಲಿ ಸೇರಿಸಿ ಇಡಬಹುದು. ನಾಳೆ ವ್ಯಾಪಾರಿ ಬಾಗಿಲಿಗೆ ಬಂದಾಗ ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟಕ್ಕೆ ಅಂತ ಮನೆಯವರು ಆ ಪುಟ ತೆರೆದು ನೋಡಿ ಹೇಳಲಿ.