ಶೆಫೀಲ್ಡಿನ ಸಾಣೆಮನೆಗಳು

ಚೂರಿಯ ಕಸುಬಿಗೆ ಕೈಹಾಕುವ ಹೊಸಬನು ಇಂದು ಮೊಟ್ಟಮೊದಲು ಕೇಳುವ ಪ್ರಶ್ನೆ ಯಾವ ಯಂತ್ರವನ್ನು ಕೊಳ್ಳಬೇಕೆಂಬುದು. ಅದಕ್ಕೆ ಬಲ್ಲವರು ಹೇಳುವ ಉತ್ತರವೂ ಬಹುಮಟ್ಟಿಗೆ ಒಂದೇ: 2 ಅಂಗುಲ ಅಗಲದ, 72 ಅಂಗುಲ ಸುತ್ತಳತೆಯ ಉಜ್ಜುಪಟ್ಟಿಯನ್ನು ವಿದ್ಯುತ್ ಮೋಟಾರಿನಿಂದ ತಿರುಗಿಸುವ ಬೆಲ್ಟ್ ಗ್ರೈಂಡರು. ಆದರೆ ಈ ಕಸುಬಿಗೇ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಶತಮಾನಗಳ ಕಾಲ ಸಾಮಾನ್ಯ ಸಾಣೆಗಾರನು ಯಂತ್ರವನ್ನು ಕೊಳ್ಳುವ ಮಾತನ್ನೇ ಆಡುತ್ತಿರಲಿಲ್ಲ. ಕಲ್ಲನ್ನು ತಿರುಗಿಸುವ ಶಕ್ತಿ ಯಾರ ಸ್ವತ್ತು, ಅದರೆದುರು ಕುಳಿತುಕೊಳ್ಳುವ ಜಾಗಕ್ಕೆ ಬಾಡಿಗೆ ಎಷ್ಟು ಎಂಬುದೇ ಅವನ ಮುಂದಿದ್ದ ಪ್ರಶ್ನೆ.

ಡಾನ್, ಶೀಫ್, ಪೋರ್ಟರ್, ಲಾಕ್ಸ್‌ಲೀ, ರಿವೆಲಿನ್ ಎಂಬ ಐದು ಹೊಳೆಗಳು ಗುಡ್ಡಗಳಿಂದ ರಭಸವಾಗಿ ಇಳಿದುಬರುವ ಎಡೆಯಲ್ಲಿ ಆ ಊರು ಬೆಳೆದಿದೆ. ಸಾಣೆಗೆ ಒಪ್ಪುವ ಮರಳುಗಲ್ಲು ಸಮೀಪದ ವಿಕರ್ಸ್‌ಲಿಯಲ್ಲಿಯೇ ಯಥೇಚ್ಛವಾಗಿ ದೊರೆಯುತ್ತಿದ್ದಿತು. 14ನೆಯ ಶತಮಾನದ ಕವಿ ಚಾಸರನು ತನ್ನ ಕಥೆಯೊಂದರಲ್ಲಿ ಬರುವ ಹಿಟ್ಟಿನ ಗಿರಣಿಯವನ ಕಾಲುಚೀಲದೊಳಗೆ ಶೆಫೀಲ್ಡಿನ ಚೂರಿಯೊಂದನ್ನು ಸಿಕ್ಕಿಸಿರುವುದನ್ನು ನೋಡಿದರೆ, ಆ ವೇಳೆಗಾಗಲೇ ಊರಿನ ಹೆಸರನ್ನು ಹೇಳಿದರೆ ಸರಕಿನ ಗುಣವನ್ನು ಹೇಳಿದಂತೆ ಆಗುತ್ತಿದ್ದಿತೆಂದು ಊಹಿಸಬಹುದು. 1624ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಸ್ಥಾಪಿತವಾದ ಚೂರಿಗಾರರ ಸಂಘವು ಶಿಷ್ಯವೃತ್ತಿಯ ಅವಧಿಯನ್ನೂ ಕಸುಬುದಾರರ ಮುದ್ರೆಗಳನ್ನೂ ತನ್ನ ಹತೋಟಿಯಲ್ಲಿ ಇರಿಸಿಕೊಂಡಿತು.

ಒಂದು ಚೂರಿಯು ಸಿದ್ಧವಾಗಬೇಕಾದರೆ ಅಲ್ಲಿ ಮೂವರ ಕೈ ಬದಲಾಗುತ್ತಿದ್ದಿತು: ಕುಲುಮೆಯಲ್ಲಿ ಅಲಗನ್ನು ಬಡಿಯುವವನು, ಅದನ್ನು ಸಾಣೆ ಹಿಡಿಯುವವನು, ಹಿಡಿಯನ್ನು ಕೂಡಿಸಿ ಮುಗಿಸುವವನು. ಮೊದಲನೆಯವನೂ ಕಡೆಯವನೂ ಮನೆಯ ಹಿತ್ತಿಲಿನಲ್ಲಿಯೇ ಕೆಲಸವನ್ನು ಸಾಗಿಸಬಹುದಾಗಿದ್ದರೆ, ನಡುವಿನವನು ಮಾತ್ರ ನೀರಿದ್ದಲ್ಲಿಗೆ ಹೋಗಲೇಬೇಕು. ಪೋರ್ಟರ್ ಹೊಳೆಯ ದಂಡೆಯಲ್ಲಿ ಷೆಪರ್ಡ್ ವ್ಹೀಲ್ ಎಂಬ ಸಾಣೆಮನೆಯೊಂದು ಇಂದಿಗೂ ಇದೆ. ಅದರ ಮೂಲವು 16ನೆಯ ಶತಮಾನದಷ್ಟು ಹಿಂದಿನದು. ಸುಮಾರು 18 ಅಡಿ ವ್ಯಾಸದ ಅದರ ನೀರಿನ ಚಕ್ರವು ಹಲ್ಲುಗಾಲಿಗಳ ಮೂಲಕ ಒಳಗಿನ ಉದ್ದನೆಯ ಅಚ್ಚನ್ನು ತಿರುಗಿಸುತ್ತದೆ. ಅಚ್ಚಿನಿಂದ ಒಂದೊಂದು ಪಟ್ಟಿಯು ಒಂದೊಂದು ಕಲ್ಲಿಗೆ ಹೋಗುತ್ತದೆ. ಕಲ್ಲು ಅರ್ಧ ಹೂತಂತೆ ನೀರಿನ ತೊಟ್ಟಿಯಲ್ಲಿ ಸುತ್ತುತ್ತಿರಲು, ಸಾಣೆಗಾರನು ಕುದುರೆಯ ಜೀನಿನಂತಹ ಮರದ ಪೀಠದ ಮೇಲೆ ಕಾಲು ಚಾಚಿ ಕುಳಿತು, ಮುಂದಕ್ಕೆ ಬಾಗಿ, ಅಲಗನ್ನು ಒತ್ತಿ ಹಿಡಿಯುತ್ತಿದ್ದನು. (ಫ್ರಾನ್ಸಿನ ತಿಯೇರ್ ಎಂಬ ಊರಿನ ಸಾಣೆಗಾರರು ಹಲಗೆಯ ಮೇಲೆ ಬೋರಲು ಮಲಗಿ ಇದೇ ಕೆಲಸವನ್ನು ಮಾಡುತ್ತಿದ್ದರಲ್ಲದೆ, ಚಳಿಗೆ ಕಾಲುಗಳ ಮೇಲೆ ನಾಯಿಯನ್ನು ಮಲಗಿಸಿಕೊಳ್ಳುತ್ತಿದ್ದರು, ಈ ಎರಡು ಆಸನಗಳಲ್ಲಿ ಸುಖವಾದುದು ಯಾವುದೆಂದು ನಾನು ಹೇಳಲಾರೆ.)

1786ರಲ್ಲಿ ಹಬೆಯ ಯಂತ್ರವು ಶೆಫೀಲ್ಡಿನ ಸಾಣೆಯನ್ನು ಪ್ರವೇಶಿಸಿದ ಮೇಲೆ ಬೇಸಗೆಯಲ್ಲಿ ಹೊಳೆ ಬತ್ತಿ ಕೆಲಸ ನಿಲ್ಲುವ ಕಷ್ಟವು ತಪ್ಪಿತು. ಅದರೊಡನೆ ಬತ್ತಿದ ಹೊಳೆಯು ಕೊಡುತ್ತಿದ್ದ ಬಿಡುವೂ ತಪ್ಪಿತು. ಗಾಳಿಯಾಡುವ ಕಣಿವೆಯನ್ನು ಬಿಟ್ಟು ಊರೊಳಗಿನ ಇಕ್ಕಟ್ಟಾದ ಕಟ್ಟಡಗಳಲ್ಲಿ, ವರ್ಷವಿಡೀ, ಕಲ್ಲಿನ ಮತ್ತು ಉಕ್ಕಿನ ಧೂಳನ್ನು ಉಸಿರಾಡುವ ಬಾಳು ಆರಂಭವಾಯಿತು. ಚೂರಿಯ ಅಲಗನ್ನು ನೀರಿನಲ್ಲಿ ನೆನೆದ ಕಲ್ಲಿನ ಮೇಲೆ ಉಜ್ಜುತ್ತಿದ್ದುದರಿಂದ ಧೂಳು ಎಷ್ಟೋ ಅಡಗುತ್ತಿದ್ದಿತು. ಊಟದ ಮುಳ್ಳುಚಮಚಗಳನ್ನು ಒಣಗಲ್ಲಿನಲ್ಲಿ ಉಜ್ಜುವವರಿಗೆ ಆ ರಕ್ಷೆಯೂ ಇಲ್ಲ. ಊರಿನ ವೈದ್ಯ ನೈಟನ ಪರಿಶೀಲನೆಯನ್ನು ಆಧರಿಸಿ ಚಿಂತಕ ಎಂಗೆಲ್ಸನು 1845ರಲ್ಲಿ ಬರೆದಂತೆ, ಒಣಸಾಣೆಯವರ ಆಯುಸ್ಸು ಸರಾಸರಿ 35 ವರ್ಷವನ್ನು ಮುಟ್ಟುವುದೇ ಕಷ್ಟವಾಗಿದ್ದಿತು, ಹಸಿಸಾಣೆಯವರದು 45ನ್ನು ದಾಟುವುದು ಅಪರೂಪ. ಉಕ್ಕಿನ ಕಣಗಳನ್ನು ಸೆಳೆದುಕೊಳ್ಳುವ ಅಯಸ್ಕಾಂತದ ಸಾಧನವೊಂದನ್ನು ಏಬ್ರಹಾಂ ಎಂಬಾತನು ನಿರ್ಮಿಸಿಕೊಟ್ಟರೂ ಸಾಣೆಗಾರರು ಅದನ್ನು ಆದರಿಸಲಿಲ್ಲ. ಕಸುಬು ನಿರಪಾಯವಾದರೆ ಜನ ನುಗ್ಗುತ್ತಾರೆ, ಜನ ನುಗ್ಗಿದರೆ ಕೂಲಿ ಇಳಿಯುತ್ತದೆ ಎಂಬ ಅಂಜಿಕೆಯು ಅವರಲ್ಲಿ ಬೇರೂರಿದ್ದಿತು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಸಾವಿನ ಭಯವೊಂದೇ ತಮ್ಮ ಕೂಲಿಯನ್ನು ಕಾಯುವ ಬೇಲಿಯೆಂದು ಮನುಷ್ಯರು ಲೆಕ್ಕ ಹಾಕಬೇಕಾಗಿ ಬಂದ ವ್ಯವಸ್ಥೆಯನ್ನಲ್ಲವೆ ಮೊದಲು ದೂಷಿಸಬೇಕಾದುದು?

ಶಕ್ತಿಯು ಬಾಡಿಗೆಯದಾದ್ದರಿಂದ ಅದನ್ನು ಕಲ್ಲಿಗೆ ತಲುಪಿಸುವ ಪಟ್ಟಿಯೇ ಸಾಣೆಗಾರನ ಮರ್ಮಸ್ಥಾನವಾಯಿತು. ಕಾರ್ಮಿಕಸಂಘಕ್ಕೆ ವಂತಿಗೆಯನ್ನು ಸಲ್ಲಿಸದವನ ಪಟ್ಟಿಯು ರಾತ್ರೋರಾತ್ರಿ ಮಾಯವಾಗುತ್ತಿದ್ದಿತು. ಬಾಕಿಯನ್ನು ತೀರಿಸಿದ ಬಳಿಕ ಅದು ಎಲ್ಲಿದೆಯೆಂಬ ಸುಳಿವು ದೊರೆಯುತ್ತಿದ್ದಿತು. ಈ ಪದ್ಧತಿಯು ಕ್ರಮೇಣ ಕ್ರೌರ್ಯಕ್ಕೆ ತಿರುಗಿ, 1866ರ ಅಕ್ಟೋಬರಿನಲ್ಲಿ ಗರಗಸದ ಸಾಣೆಗಾರನೊಬ್ಬನ ಮನೆಯಲ್ಲಿ ಸಿಡಿಮದ್ದು ಸ್ಫೋಟಿಸುವವರೆಗೂ ಹೋಯಿತು. ಮರುವರ್ಷ ಸರ್ಕಾರವು ನೇಮಿಸಿದ ವಿಚಾರಣಾ ಆಯೋಗದ ಮುಂದೆ ಗರಗಸ ಸಾಣೆಗಾರರ ಸಂಘದ ಕಾರ್ಯದರ್ಶಿ ವಿಲಿಯಂ ಬ್ರಾಡ್‌ಹೆಡ್ಡನು ಇಂತಹ ಕೃತ್ಯಗಳಿಗೆ ತಾನೇ ಹಣ ಕೊಟ್ಟುದಾಗಿ ಒಪ್ಪಿಕೊಂಡನು. ನಿಜವನ್ನು ನುಡಿದವರಿಗೆ ಕ್ಷಮೆಯ ಆಶ್ವಾಸನೆಯಿದ್ದುದರಿಂದ ಶಿಕ್ಷೆಯಿಂದ ಪಾರಾದನು.

20ನೆಯ ಶತಮಾನದ ವಿದ್ಯುತ್ ಮೋಟಾರು ಈ ಬಾಡಿಗೆಯ ಬಂಧನವನ್ನು ಬಿಡಿಸಿತು. ಷೆಪರ್ಡ್ ವ್ಹೀಲಿನಲ್ಲಿ 1930ರ ಸುಮಾರಿಗೆ ಕೆಲಸವು ನಿಂತು, ಈಗ ಅದು ಪ್ರೇಕ್ಷಕರಿಗಾಗಿ ಚಕ್ರವನ್ನು ತಿರುಗಿಸಿ ತೋರಿಸುವ ವಸ್ತುಸಂಗ್ರಹಾಲಯವಾಗಿದೆ. ನದಿಯೊಂದು ಹತ್ತಾರು ಜನರಿಗೆ ಹಂಚುತ್ತಿದ್ದ ಕೆಲಸವನ್ನು ಇಂದು ಒಬ್ಬನೇ ತನ್ನ ಕೊಠಡಿಯ ಮೂಲೆಯಲ್ಲಿ ನಿಂತು ಮಾಡಬಹುದು. ಆದರೆ ಬೆಲ್ಟ್ ಗ್ರೈಂಡರು ಸಾಮಾನ್ಯವಾಗಿ ಒಣಸಾಣೆ. ಹದ ಕೆಡದಂತೆ ಅಲಗನ್ನು ಆಗಾಗ ಬಕೆಟ್ಟಿನ ನೀರಿನಲ್ಲಿ ಅದ್ದುತ್ತಾರೆಯೇ ಹೊರತು ಧೂಳನ್ನು ಅಡಗಿಸುವ ತೊಟ್ಟಿ ಅಲ್ಲಿಲ್ಲ. ಆ ಲೆಕ್ಕದಲ್ಲಿ ಇಂದಿನ ಹೊಸಬನು ಶೆಫೀಲ್ಡಿನ ಚೂರಿಯ ಸಾಣೆಗಾರನಿಗಿಂತ ಮುಳ್ಳುಚಮಚದ ಸಾಣೆಗಾರನಿಗೇ ಹತ್ತಿರದ ಬಂಧು. ಅಶ್ವಶಕ್ತಿಯನ್ನೂ ವೇಗವನ್ನೂ ವಿಚಾರಿಸುವಾಗ, ಒಳ್ಳೆಯ ಮುಖಗವಸಿನ ಮತ್ತು ಧೂಳನ್ನು ಹೊರಗೆಳೆಯುವ ಫ್ಯಾನಿನ ಬೆಲೆಯನ್ನೂ ಅವನು ಯಂತ್ರದ ಬೆಲೆಯೊಳಗೇ ಸೇರಿಸಿ ಎಣಿಸತಕ್ಕದ್ದು.