ಬಂದೂಕಿನ ಮರ

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನಳಿಗೆಯನ್ನೂ ಮದ್ದನ್ನೂ ಕುರಿತೇ ವಿಸ್ತರಿಸಿರುವರು. ಆ ಲೋಹವನ್ನು ಹೊತ್ತ ಮರದ ವಿಚಾರವು ಹಿಂದೆ ಬಿದ್ದಿರುವುದು. ಭುಜಕ್ಕೆ ಆನಿಸುವ, ಕೆನ್ನೆಯನ್ನು ಒರಗಿಸುವ, ಕೈಗೆ ಹಿಡಿತವನ್ನು ಕೊಡುವ ಈ ಭಾಗಕ್ಕೆ ಇಂಗ್ಲಿಷಿನಲ್ಲಿ ‘ಸ್ಟಾಕ್’ ಎಂದು ಹೆಸರು. ಅಗುಳಿಯಂತೆ ಹಿಂದುಮುಂದಕ್ಕೆ ಸರಿಯುವ ಬೋಲ್ಟುಳ್ಳ ರೈಫಲಿಗೆ ಹಳೆಯ ಮರವನ್ನು ತೆಗೆದು ಬೇರೊಂದನ್ನು ತೊಡಿಸಬೇಕಾದಾಗ ಯಾವುದನ್ನು ಆರಿಸಬೇಕೆಂಬುದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ಒಂದು ಯುದ್ಧದಲ್ಲಿ ಅದು ಪ್ರಾಣದ ಪ್ರಶ್ನೆಯೇ ಆಗಿದ್ದಿತು.

ಯೂರೋಪಿನ ಬಂದೂಕುಗಾರರು ಶತಮಾನಗಳಿಂದ ಮೆಚ್ಚಿ ಬಳಸಿದುದು ಅಕ್ರೋಟು ಮರವನ್ನು. ಸಂಸ್ಕೃತದಲ್ಲಿ ಅಕ್ಷೋಟವೆನ್ನುವುದು ಇದನ್ನೇ. ತೂಕಕ್ಕೆ ಮೀರಿದ ಬಲ, ಗುಂಡು ಹಾರುವಾಗಿನ ಒದೆತಕ್ಕೆ ಸೀಳದಿರುವಿಕೆ, ಉಳಿಗೆ ಸುಲಭವಾಗಿ ಒಗ್ಗುವಿಕೆ, ಎಣ್ಣೆಯುಜ್ಜಿದರೆ ಹೊರಹೊಮ್ಮುವ ಕಾಂತಿ ಎಂಬ ಗುಣಗಳು ಅದರಲ್ಲಿ ಒಂದೆಡೆ ಸೇರಿವೆ. 1898ರ ಜರ್ಮನ್ ಮೌಸರ್ ರೈಫಲಿಗೂ ಮೊದಲು ಇದೇ ಮರವು ಬಂದಿತು. ಆದರೆ ಅಕ್ರೋಟು ನಿಧಾನವಾಗಿ ಬೆಳೆಯುವ ವೃಕ್ಷ. ಕಡಿದ ಮೇಲೆಯೂ ಚೆನ್ನಾಗಿ ಒಣಗಿ ಹದವಾಗಬೇಕು. ಲಕ್ಷಾಂತರ ಬಂದೂಕುಗಳನ್ನು ಬೇಡುವ ಯುದ್ಧವು ಅಷ್ಟು ಕಾಲ ಕಾಯುವುದೆ? 1930ರ ದಶಕದ ಕೊನೆಗೆ ಜರ್ಮನರು ಬೀಚ್ ಮರದ ತೆಳುಹಲಗೆಗಳನ್ನು ಅಂಟಿನಿಂದ ಒತ್ತಿ ಕೂಡಿಸಿ ಮೌಸರಿಗೆ ತೊಡಿಸತೊಡಗಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಬೀಚನ್ನೂ ಬರ್ಚನ್ನೂ ಆಶ್ರಯಿಸಿದರು. ಈ ಬರ್ಚ್ ಎಂಬ ಶಬ್ದವು ನಮ್ಮ ಭೂರ್ಜ ಶಬ್ದದ ಬಂಧುವೆಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತವೇ ಇದೆ. ಅಭಾವದಿಂದ ಹುಟ್ಟಿದರೂ ಜರ್ಮನರ ಪದರದ ಮರವು ಇಡೀ ಮರಕ್ಕಿಂತ ಕಡಿಮೆ ಡೊಂಕಾಗುವುದೆಂದು ಕಂಡುಬಂದಿತು.

ಡೊಂಕಿನ ಕಾರಣವು ಮರದ ಸ್ವಭಾವದಲ್ಲಿಯೇ ಇದೆ. ಕಡಿದು ಒಣಗಿಸಿದ ಮೇಲೆಯೂ ಮರವು ಗಾಳಿಯಲ್ಲಿನ ತೇವವನ್ನು ಹೀರಿ ಉಬ್ಬುವುದು, ಒಣಹವೆಯಲ್ಲಿ ಕುಗ್ಗುವುದು. ಎಳೆಯ ಉದ್ದಕ್ಕೆ ಈ ವ್ಯತ್ಯಾಸವು ಅತ್ಯಲ್ಪ. ಅಡ್ಡಕ್ಕೆ ಬಹಳ ಹೆಚ್ಚು. ಗುಂಡು ಹೊರಡುವ ಕ್ಷಣದಲ್ಲಿ ನಳಿಗೆಯು ಮೀಟಿದ ತಂತಿಯಂತೆ ಕಂಪಿಸುವುದು. ಉಬ್ಬಿದ ಮರವು ಅದನ್ನು ಒಂದು ಪಕ್ಕಕ್ಕೆ ಒತ್ತಿದರೆ ಗುಂಡು ನಿನ್ನೆ ಬಿದ್ದಲ್ಲಿ ಇಂದು ಬೀಳದು. ಜ್ಯೋತಿಷ್ಯದಲ್ಲಿ ‘ಕಲೆ’ ಎಂದು ಕರೆಯುವ, ಒಂದು ಅಂಶದ 60ರಲ್ಲೊಂದು ಪಾಲಿನಷ್ಟು ದಿಕ್ಕು ತಪ್ಪಿದರೂ ಸಾವಿರ ಗಜದ ದೂರದಲ್ಲಿ ಗುರಿಯು ಹತ್ತು ಅಂಗುಲಕ್ಕೂ ಮಿಗಿಲಾಗಿ ತಪ್ಪುವುದು.

ವಿಯೆಟ್ನಾಮಿನಲ್ಲಿ ಅಮೆರಿಕದ ಮೆರೀನ್ ಪಡೆಯು ಕಂಡದ್ದು ಇದನ್ನೇ. ಆ ಪಡೆಯು 1966ರಲ್ಲಿ, ರೆಮಿಂಗ್ಟನ್ ಸಂಸ್ಥೆಯು 1962ರಲ್ಲಿ ಹೊರತಂದಿದ್ದ 700ನೆಯ ಮಾದರಿಯನ್ನು ಆಧರಿಸಿ ‘ಎಂ 40’ ಎಂಬ ದೂರಗುರಿಯ ರೈಫಲನ್ನು ಅಂಗೀಕರಿಸಿತು. ಮೈ ಅಕ್ರೋಟಿನದು, ಮೇಲೆ ಎಣ್ಣೆಯ ಲೇಪ. ನಳಿಗೆ ಉತ್ತಮವಾದುದು, ದುರ್ಬೀನೂ ಉಂಟು. ಆದರೆ ಅಲ್ಲಿನ ಮಳೆಗೂ ಕಾಡಿನ ತೇವಕ್ಕೂ ಮರವು ಉಬ್ಬಿ ಬಾಗಿತು. ಒಂದೇ ಗುಂಡಿನ ಮೇಲೆ ತನ್ನ ಮತ್ತು ಸಂಗಡಿಗರ ಜೀವವನ್ನಿಟ್ಟು ಹೊಂಚುವ ಯೋಧನಿಗೆ, ತನ್ನ ಆಯುಧವನ್ನು ನಂಬಲಾಗದಿರುವುದಕ್ಕಿಂತ ದೊಡ್ಡ ಸಂಕಟವುಂಟೆ?

ಕೈದುಗಾರರು ಉಕ್ಕಿನ ಯಂತ್ರಭಾಗವನ್ನು ಬಿಸಾಡಲಿಲ್ಲ, ಮರವನ್ನು ಬದಲಾಯಿಸಿದರು. 1970ರ ದಶಕದಲ್ಲಿ ವರ್ಜೀನಿಯದ ಕ್ವಾಂಟಿಕೊದಲ್ಲಿ ಆ ರೈಫಲುಗಳು ‘ಎಂ 40 ಎ 1’ ಆಗಿ ಪುನಾರಚಿತವಾದವು. ಗಾಜಿನ ನೂಲನ್ನು ರಾಳದಲ್ಲಿ ಹುದುಗಿಸಿ ಎರಕಹೊಯ್ದ ಮೆಕ್‌ಮಿಲನ್ ಸಂಸ್ಥೆಯ ಹೊಸ ಮೈ ಅವಕ್ಕೆ ಬಂದಿತು. ಅದಕ್ಕೆ ಅಕ್ರೋಟಿನ ಚೆಲುವಿಲ್ಲ, ತೇವದ ಭಯವೂ ಇಲ್ಲ. 1988ರಲ್ಲಿ ಅಮೆರಿಕದ ಭೂಸೇನೆಯು ‘ಎಂ 24’ನ್ನು ಸ್ವೀಕರಿಸಿದಾಗ ಮೊದಲಿಗೇ ಕೃತಕ ಮೈಯನ್ನು ಆರಿಸಿತು, ಅದರೊಳಗೆ ಉಕ್ಕಿನ ಭಾಗವು ಅಲುಗದೆ ಕೂರಲೆಂದು ಅಲ್ಯೂಮಿನಿಯಮ್ಮಿನ ಪೀಠವೊಂದನ್ನು ಇಡಲಾಯಿತು.

ದ್ರವ್ಯವೊಂದೇ ಸಾಲದು, ಅಳತೆಯೂ ಬೇಕು. ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲಿನ ಹಿಂಭಾಗದ ಮರವು ಬೇರೆಯೇ ತುಂಡಾಗಿದ್ದುದರಿಂದ, ಸೈನಿಕನ ತೋಳಿಗೆ ತಕ್ಕಂತೆ ಉದ್ದ, ಸಾಧಾರಣ, ಗಿಡ್ಡ ಎಂಬ ಅಳತೆಗಳಲ್ಲಿ ಅದನ್ನು ಒದಗಿಸುತ್ತಿದ್ದರು. ಕುಳ್ಳರಿಗೆ ಇನ್ನೂ ಗಿಡ್ಡವಾದುದೂ ಇದ್ದಿತು. ‘ಎಂ 24’ರಲ್ಲಾದರೋ ಉದ್ದವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ ಏರ್ಪಾಡೇ ಇದೆ. ಕೆನ್ನೆಯು ಸಹಜವಾಗಿ ಒರಗಿದಾಗ ಕಣ್ಣು ದುರ್ಬೀನಿನ ನೇರಕ್ಕೆ ಬರಬೇಕು. ತೀರ ಹಗುರಾದ ಮೈ ಹೊರಲು ಸುಖ, ಆದರೆ ಒದೆತವು ಹೆಚ್ಚು.

ದಾನವನ್ನು ಕೊಡುವಾಗ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ಹಿರಿಯರು ವಿಧಿಸಿರುವರು. ಬಂದೂಕಿನ ಮರದ ಚರಿತ್ರೆಯೂ ಈ ಮೂರರಲ್ಲಿಯೇ ಅಡಗಿರುವುದು. ದೇಶದ ತೇವವು ಅಕ್ರೋಟನ್ನು ಸೋಲಿಸಿತು. ಕಾಲದ ಅಭಾವವು ಪದರದ ಮರವನ್ನು ಹುಟ್ಟಿಸಿತು. ಪಾತ್ರನ ತೋಳು ಉದ್ದವನ್ನು ನಿರ್ಣಯಿಸಿತು. ಒಣಹವೆಯಲ್ಲಿ, ಬಿಡುವಿನ ಗುರಿಯಾಟದಲ್ಲಿ, ಹದವಾದ ಅಕ್ರೋಟು ಈಗಲೂ ಮಾನ್ಯವೇ. ಎಲ್ಲೆಡೆಗೂ ಎಲ್ಲರಿಗೂ ಒಂದೇ ಶ್ರೇಷ್ಠವೆಂದು ಹೇಳುವುದಕ್ಕೆ ಚರಿತ್ರೆಯು ಆಧಾರ ಕೊಡುವುದಿಲ್ಲ.