ಕಲಿಕಾ ಚಾಲನಾ ಅನುಜ್ಞಾ ಪತ್ರ: ಅರ್ಹತೆ, ಅರ್ಜಿ ಸಲ್ಲಿಕೆ ಮತ್ತು ಷರತ್ತುಗಳು

ಮೋಟಾರು ವಾಹನ ಕಾಯ್ದೆ, 1988ರ ಕಲಂ 3ರ ಪ್ರಕಾರ ಅನುಜ್ಞಾ ಪತ್ರವಿಲ್ಲದೆ ಯಾವುದೇ ವ್ಯಕ್ತಿಯು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ಚಾಲನೆ ಮಾಡತಕ್ಕದ್ದಲ್ಲ. ಚಾಲನೆ ಕಲಿಯಬಯಸುವವರು ಮೊದಲಿಗೆ ಕಲಿಕಾ ಚಾಲನಾ ಅನುಜ್ಞಾ ಪತ್ರವನ್ನು ಪಡೆಯತಕ್ಕದ್ದು. ಜನಬಳಕೆಯಲ್ಲಿ ಇದು ಎಲ್.ಎಲ್. ಅಥವಾ ಎಲ್.ಎಲ್.ಆರ್. ಎಂದು ಪರಿಚಿತವಾಗಿದೆ. ಕರ್ನಾಟಕದಲ್ಲಿ ಇದನ್ನು ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಹಾಗೂ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಗಳ ಮೂಲಕ ನೀಡಲಾಗುತ್ತದೆ.

1. ವಯೋಮಿತಿ ಮತ್ತು ಅರ್ಹತೆ

ಅ) 50 ಸಿ.ಸಿ. ಮೀರದ, ಗೇರ್ ರಹಿತ ಮೋಟಾರು ಸೈಕಲ್: 16 ವರ್ಷ ತುಂಬಿರಬೇಕು. ತಂದೆ, ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆ ಅಗತ್ಯ. ಇಂದು ಮಾರಾಟದಲ್ಲಿರುವ ಸಾಮಾನ್ಯ ಪೆಟ್ರೋಲ್ ಸ್ಕೂಟರುಗಳ ಎಂಜಿನ್ 100 ಸಿ.ಸಿ.ಗೂ ಮೇಲ್ಪಟ್ಟದ್ದಾದುದರಿಂದ ಅವು ಈ ವರ್ಗಕ್ಕೆ ಸೇರುವುದಿಲ್ಲ ಎಂಬುದನ್ನು ಪೋಷಕರು ಗಮನಿಸುವುದು.
ಆ) ಇತರ ಮೋಟಾರು ಸೈಕಲ್ ಹಾಗೂ ಸ್ವಂತ ಬಳಕೆಯ ಲಘು ಮೋಟಾರು ವಾಹನ: 18 ವರ್ಷ ತುಂಬಿರಬೇಕು.
ಇ) ಸಾರಿಗೆ ವಾಹನ: 20 ವರ್ಷ ತುಂಬಿರಬೇಕು ಮತ್ತು ಲಘು ಮೋಟಾರು ವಾಹನದ ಚಾಲನಾ ಅನುಜ್ಞಾ ಪತ್ರವನ್ನು ಕನಿಷ್ಠ 1 ವರ್ಷ ಕಾಲ ಹೊಂದಿರಬೇಕು. ಈ ವರ್ಗಕ್ಕೆ ಹಿಂದೆ ಇದ್ದ 8ನೇ ತರಗತಿಯ ಕನಿಷ್ಠ ವಿದ್ಯಾರ್ಹತೆಯನ್ನು 2019ರಲ್ಲಿ ಕೈಬಿಡಲಾಗಿದೆ.

ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಮೇರೆಗೆ, ಅರ್ಜಿದಾರರು ತಾವು ವಾಸಿಸುವ ರಾಜ್ಯದ ಯಾವುದೇ ಅನುಜ್ಞಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ.

2. ಲಗತ್ತಿಸಬೇಕಾದ ದಾಖಲೆಗಳು

ಅ) ನಮೂನೆ 2ರಲ್ಲಿ ಅರ್ಜಿ.
ಆ) ದೈಹಿಕ ಅರ್ಹತೆಯ ಬಗ್ಗೆ ನಮೂನೆ 1ರಲ್ಲಿ ಸ್ವಯಂ ಘೋಷಣೆ. 40 ವರ್ಷ ಮೀರಿದವರು ಹಾಗೂ ಸಾರಿಗೆ ವಾಹನಕ್ಕೆ ಅರ್ಜಿ ಸಲ್ಲಿಸುವವರು ನಮೂನೆ 1-ಎ ರಲ್ಲಿ ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸತಕ್ಕದ್ದು.
ಇ) ವಯಸ್ಸಿನ ಹಾಗೂ ವಿಳಾಸದ ಪುರಾವೆ. ಜನನ ಪ್ರಮಾಣಪತ್ರ, ಶಾಲಾ ಪ್ರಮಾಣಪತ್ರ, ಪಾಸ್‌ಪೋರ್ಟ್, ಆಧಾರ್ ಮುಂತಾದ ನಿಯಮಾನುಸಾರ ಅಂಗೀಕೃತ ದಾಖಲೆಗಳನ್ನು ನೀಡಬಹುದು.

ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿಯಾಗಿ ಇರುವುದನ್ನು ಅರ್ಜಿ ಸಲ್ಲಿಸುವ ಮುನ್ನ ಖಚಿತಪಡಿಸಿಕೊಳ್ಳುವುದು. ಕಲಿಕಾ ಅನುಜ್ಞಾ ಪತ್ರದಲ್ಲಿ ನಮೂದಾದ ವಿವರಗಳೇ ಮುಂದೆ ಚಾಲನಾ ಅನುಜ್ಞಾ ಪತ್ರಕ್ಕೂ ಆಧಾರವಾಗುತ್ತವೆ.

3. ಅರ್ಜಿ ಸಲ್ಲಿಸುವ ವಿಧಾನ ಮತ್ತು ಶುಲ್ಕ

ಅರ್ಜಿಯನ್ನು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಸಾರಥಿ ಜಾಲತಾಣದಲ್ಲಿ ಭರ್ತಿ ಮಾಡಿ, ದಾಖಲೆಗಳನ್ನು ಸೇರಿಸಿ, ಶುಲ್ಕವನ್ನು ಪಾವತಿಸತಕ್ಕದ್ದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಪ್ರತಿ ವರ್ಗದ ವಾಹನಕ್ಕೆ 150 ರೂ. ಹಾಗೂ ಕಲಿಕಾ ಪರೀಕ್ಷೆಗೆ 50 ರೂ. ಶುಲ್ಕವಿದೆ. ರಾಜ್ಯದ ಸೇವಾ ಶುಲ್ಕವಿದ್ದಲ್ಲಿ ಅದು ಪಾವತಿಯ ಪುಟದಲ್ಲಿ ಪ್ರತ್ಯೇಕವಾಗಿ ಕಾಣಿಸುತ್ತದೆ. ಅರ್ಜಿ ಸಂಖ್ಯೆಯನ್ನೂ ಶುಲ್ಕದ ರಸೀದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳುವುದು. ರಸೀದಿಯಲ್ಲಿರುವ ಮೊತ್ತಕ್ಕಿಂತ ಹೆಚ್ಚಿನ ಹಣವನ್ನು ಯಾರಿಗೂ ನೀಡಬೇಕಾಗಿಲ್ಲ. ಅರ್ಜಿದಾರರು ಮಧ್ಯವರ್ತಿಗಳ ನೆರವಿಲ್ಲದೆ ತಾವೇ ಅರ್ಜಿ ಸಲ್ಲಿಸಬಹುದಾಗಿದೆ.

ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಬಾರದೆ ಸೇವೆ ಪಡೆಯುವ ವ್ಯವಸ್ಥೆಗೆ 2021ರಲ್ಲಿ ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿದ್ದು, ಕಲಿಕಾ ಅನುಜ್ಞಾ ಪತ್ರವೂ ಅದರಲ್ಲಿ ಸೇರಿದೆ. ಆಧಾರ್ ದೃಢೀಕರಣವನ್ನು ಆಯ್ಕೆ ಮಾಡದವರು ನಿಗದಿತ ದಿನಾಂಕದಂದು ಮೂಲ ದಾಖಲೆಗಳೊಂದಿಗೆ ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದು.

4. ಪ್ರಾಥಮಿಕ ಪರೀಕ್ಷೆ

ಪರೀಕ್ಷೆಯು ಗಣಕಯಂತ್ರದಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ರೂಪದಲ್ಲಿರುತ್ತದೆ. ಕನ್ನಡದಲ್ಲಿಯೂ ಉತ್ತರಿಸಬಹುದು. ತೇರ್ಗಡೆಗೆ ಶೇಕಡಾ 60ರಷ್ಟು ಸರಿ ಉತ್ತರಗಳು ಅಗತ್ಯ. ಅನುತ್ತೀರ್ಣರಾದವರು ಪರೀಕ್ಷಾ ಶುಲ್ಕವನ್ನು ಮತ್ತೆ ಪಾವತಿಸಿ ಮರುಪರೀಕ್ಷೆಗೆ ಹಾಜರಾಗಬಹುದು. ಪ್ರಶ್ನೆಗಳು ಈ ಕೆಳಕಂಡ ವಿಷಯಗಳನ್ನು ಒಳಗೊಂಡಿರುತ್ತವೆ:

ಅ) ಸಂಚಾರ ಚಿಹ್ನೆಗಳು, ಸಂಕೇತಗಳು ಮತ್ತು ರಸ್ತೆ ನಿಯಮಗಳು.
ಆ) ಅಪಘಾತ ಸಂಭವಿಸಿದಾಗ ಚಾಲಕರ ಕರ್ತವ್ಯಗಳು. ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸುವುದು ಚಾಲಕರ ಮೊದಲ ಹೊಣೆಯಾಗಿರುತ್ತದೆ.
ಇ) ಕಾವಲುಗಾರರಿಲ್ಲದ ರೈಲ್ವೆ ಗೇಟು ದಾಟುವಾಗ ವಹಿಸಬೇಕಾದ ಎಚ್ಚರ. ವಾಹನವನ್ನು ನಿಲ್ಲಿಸಿ, ಸಹಾಯಕರಿಲ್ಲದಿದ್ದಲ್ಲಿ ಚಾಲಕರೇ ಇಳಿದು ಹೋಗಿ, ಯಾವ ದಿಕ್ಕಿನಿಂದಲೂ ರೈಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ದಾಟಬೇಕು.
ಈ) ಚಾಲನೆಯ ವೇಳೆ ಜೊತೆಯಲ್ಲಿರಬೇಕಾದ ದಾಖಲೆಗಳು.

5. ಕಲಿಕೆಯ ಅವಧಿಯ ಷರತ್ತುಗಳು

ಕಲಿಕಾ ಅನುಜ್ಞಾ ಪತ್ರವು ನೀಡಿದ ದಿನಾಂಕದಿಂದ 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಅದರಲ್ಲಿ ನಮೂದಿಸಿದ ವರ್ಗದ ವಾಹನವನ್ನು ಮಾತ್ರ ಚಾಲನೆ ಮಾಡತಕ್ಕದ್ದು. ನಿಯಮ 3ರ ಪ್ರಕಾರ:

ಅ) ಚಾಲ್ತಿಯಲ್ಲಿರುವ ಚಾಲನಾ ಅನುಜ್ಞಾ ಪತ್ರ ಹೊಂದಿದ ಬೋಧಕರು, ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಅನುಕೂಲವಾಗುವಂತೆ ಜೊತೆಯಲ್ಲಿ ಕುಳಿತಿರಬೇಕು.
ಆ) ವಾಹನದ ಮುಂಭಾಗ ಮತ್ತು ಹಿಂಭಾಗದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದ ‘ಎಲ್’ ಅಕ್ಷರವಿರಬೇಕು. ಫಲಕವು 18 ಸೆಂ.ಮೀ. ಚೌಕಕ್ಕಿಂತ, ಅಕ್ಷರವು 10 ಸೆಂ.ಮೀ. ಎತ್ತರಕ್ಕಿಂತ ಕಡಿಮೆ ಇರಬಾರದು.
ಇ) ಮೋಟಾರು ಸೈಕಲ್ ಕಲಿಯುವವರು ಬೋಧಕರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳತಕ್ಕದ್ದಲ್ಲ.

ಈ ಷರತ್ತುಗಳನ್ನು ಕೇವಲ ದಂಡಕ್ಕೆ ಸಂಬಂಧಿಸಿದವು ಎಂದು ಭಾವಿಸಬಾರದು. ಮೋಟಾರು ವಿಮಾ ಪಾಲಿಸಿಗಳು, ನಿಯಮ 3ನ್ನು ಪಾಲಿಸುವ ಕಲಿಕಾರ್ಥಿಗೆ ಮಾತ್ರ ವಾಹನ ಚಲಾಯಿಸಲು ಅವಕಾಶ ನೀಡುತ್ತವೆ. ಬೋಧಕರಿಲ್ಲದೆ ಚಲಾಯಿಸುವಾಗ ಅಪಘಾತವಾದಲ್ಲಿ ವಿಮಾ ಸಂಸ್ಥೆಯು ಹೊಣೆಯನ್ನು ನಿರಾಕರಿಸಬಹುದು. ಪರಿಹಾರದ ಭಾರವು ವಾಹನ ಮಾಲೀಕರ ಮೇಲೆ ಬೀಳಬಹುದು.

6. ದಂಡನೆಗಳು

ಅನುಜ್ಞಾ ಪತ್ರವಿಲ್ಲದೆ ವಾಹನ ಚಲಾಯಿಸಿದವರಿಗೆ 3 ತಿಂಗಳವರೆಗೆ ಕಾರಾವಾಸ ಅಥವಾ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅಪ್ರಾಪ್ತ ವಯಸ್ಕರು ಅಪರಾಧವೆಸಗಿದಲ್ಲಿ, ಕಲಂ 199-ಎ ಪ್ರಕಾರ ಪೋಷಕರು ಅಥವಾ ವಾಹನ ಮಾಲೀಕರು 3 ವರ್ಷಗಳವರೆಗೆ ಕಾರಾವಾಸ ಮತ್ತು 25,000 ರೂ. ದಂಡಕ್ಕೆ ಗುರಿಯಾಗುತ್ತಾರೆ. ವಾಹನದ ನೋಂದಣಿಯು 12 ತಿಂಗಳ ಕಾಲ ರದ್ದಾಗುತ್ತದೆ ಹಾಗೂ ಅಪ್ರಾಪ್ತ ವಯಸ್ಕರು 25 ವರ್ಷ ತುಂಬುವವರೆಗೆ ಅನುಜ್ಞಾ ಪತ್ರಕ್ಕೆ ಅನರ್ಹರಾಗುತ್ತಾರೆ. ತಮಗೆ ನೀಡಲಾದ ಕಲಿಕಾ ಅನುಜ್ಞಾ ಪತ್ರದಲ್ಲಿ ಅನುಮತಿಸಿದ ವಾಹನವನ್ನೇ ಚಲಾಯಿಸುತ್ತಿದ್ದ ಅಪ್ರಾಪ್ತ ವಯಸ್ಕರ ಪೋಷಕರಿಗೆ ಈ ಹೊಣೆಯು ಅನ್ವಯಿಸುವುದಿಲ್ಲ.

7. ಚಾಲನಾ ಪರೀಕ್ಷೆಗೆ ಹಾಜರಾಗುವ ಕಾಲಾವಧಿ

ಕಲಿಕಾ ಅನುಜ್ಞಾ ಪತ್ರ ಪಡೆದು ಕನಿಷ್ಠ 30 ದಿನಗಳು ಕಳೆದ ನಂತರ, ಅದರ ಅವಧಿ ಮುಗಿಯುವುದರೊಳಗೆ ಚಾಲನಾ ಪರೀಕ್ಷೆಗೆ ಹಾಜರಾಗತಕ್ಕದ್ದು. ಪರೀಕ್ಷೆಯಲ್ಲಿ 3 ಬಾರಿ ಅನುತ್ತೀರ್ಣರಾದವರು ಕೊನೆಯ ಪರೀಕ್ಷೆಯ ದಿನಾಂಕದಿಂದ 60 ದಿನಗಳು ಕಳೆಯುವವರೆಗೆ ಮತ್ತೆ ಹಾಜರಾಗುವಂತಿಲ್ಲ. ಆದ್ದರಿಂದ ಅರ್ಜಿದಾರರು ಕೊನೆಯ ವಾರದವರೆಗೆ ಕಾಯದೆ, ಮರುಪರೀಕ್ಷೆಗೂ ಸಮಯ ಉಳಿಯುವಂತೆ ಮುಂಚಿತವಾಗಿ ದಿನಾಂಕವನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ.